ಹವಾ ಬದಲಾವಣೆ

ತಪ್ಪು ಯಾರದೆಂದು ಕೇಳಿದರೆ ಬೋರ್ಡು ಬರೆದವನದು. ಬೋರ್ಡು ಬರೆದವನನ್ನು ಕೇಳಿದರೆ ತಪ್ಪು ಹಲಗೆಯದು, ಅದಕ್ಕೆ ಅಗಲ ಸಾಲದು. 'ಹವಾಮಾನ ಬದಲಾವಣೆ: ಉಚಿತ ಮಾಹಿತಿ' ಎಂದು ಬರೆಯಲು ಹೇಳಿದ್ದರೆ ಅವನು ಮೊದಲು 'ಉಚಿತ' ಎಂಬುದನ್ನು ಗೇಣುದ್ದದ ಅಕ್ಷರಗಳಲ್ಲಿ ಬರೆದ. ಜನ ನೋಡುವುದು ಅದೊಂದನ್ನೇ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ. ಆಮೇಲೆ ಜಾಗ ಸಾಲದೆ 'ಮಾನ' ಬಿಟ್ಟ. 'ಮಾಹಿತಿ'ಯನ್ನೂ ಬಿಟ್ಟ. ಉಳಿದದ್ದು ಇಷ್ಟು: 'ಉಚಿತ ಹವಾ ಬದಲಾವಣೆ. ಶನಿವಾರ ಮೂರು ಗಂಟೆಗೆ. ಗ್ರಂಥಾಲಯದ ಮಹಡಿ.'

ಎರಡಕ್ಕೂ ಅಜಗಜಾಂತರ. ಹವಾಮಾನ ಬದಲಾದರೆ ಭೂಮಿಗೆ ಸಂಕಟ. ಹವಾ ಬದಲಾದರೆ ರೋಗಿಗೆ ಆರಾಮ. ಕಾಯಿಲೆ ಬಿದ್ದು ಎದ್ದವರಿಗೆ ಡಾಕ್ಟರು, "ಎಲ್ಲಾದ್ರೂ ಒಳ್ಳೆ ಗಾಳಿ ಇರೋ ಕಡೆ ಹದಿನೈದು ದಿನ ಇದ್ದು ಬನ್ನಿ" ಎನ್ನುತ್ತಾರಲ್ಲ, ಅದು. ಹೇಳುವುದಕ್ಕೆ ಡಾಕ್ಟರಿಗೇನು, ನಾಲಿಗೆಗೆ ಮೂಳೆಯಿಲ್ಲ. ಹೋಗುವುದಕ್ಕೆ ಊರು ಬೇಕು, ಅಲ್ಲಿ ನಮ್ಮವರು ಅನ್ನುವವರು ಬೇಕು. ಈಗ ಯಾರೋ ಪುಣ್ಯಾತ್ಮರು ಉಚಿತವಾಗಿ ಕಳಿಸುತ್ತಾರೆಂದರೆ ಯಾರು ತಾನೇ ಬಿಟ್ಟಾರು?

ಆ ಶನಿವಾರ ಮೂರಕ್ಕೆ ಹತ್ತು ನಿಮಿಷವಿರುವಾಗ ಮೀಟರಣ್ಣ ಗ್ರಂಥಾಲಯದ ಬಾಗಿಲಲ್ಲಿ ನಿಂತು ತಾನು ಬರೆಸಿದ ಹೊಸ ಬೋರ್ಡು ಓದಿದ. ಬೋರ್ಡಿನವನನ್ನು ಹಿಡಿದು ತದುಕಬೇಕೆಂದುಕೊಂಡು, ಮೊದಲು ಚೀಲವನ್ನಾದರೂ ಮೇಲಿಟ್ಟು ಬರೋಣವೆಂದು ಮಹಡಿ ಹತ್ತಿದ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ಮೂರು ಜನ ಕುರ್ಚಿ ಹಿಡಿದು ಕೂತಿದ್ದರು. ಎಲ್ಲರ ಕಾಲ ಬಳಿಯೂ ಒಂದೊಂದು ಗಂಟು, ಇಲ್ಲವೆ ಕೈಚೀಲ. ಹಾಜರಿ ಪುಸ್ತಕದಲ್ಲಿ ಇಪ್ಪತ್ಮೂರು ರುಜು ಆಗಲೇ ಬಿದ್ದಿದ್ದವು.

ಮೀಟರಣ್ಣ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು. ದಿನಕ್ಕೆ ಎಂಬತ್ತು ಬಾಗಿಲು. ಎಂಬತ್ತು ಕಡೆಯೂ "ಮೀಟರಣ್ಣ ಬಂದ" ಎಂಬ ಕೂಗು, ನೀರು ಬೇಕಾ ಎಂಬ ಮಾತು, ಹೋದ ತಿಂಗಳು ಜಾಸ್ತಿ ಬರೆದಿದ್ದೀರಿ ಎಂಬ ಜಗಳ. ಮದುವೆಯಾಗಿರಲಿಲ್ಲ. ತಾಯಿ ಇರುವ ತನಕ ಬೇಕೆನಿಸಲಿಲ್ಲ, ತಾಯಿ ಹೋದಮೇಲೆ ಯಾರೂ ಕೇಳಲಿಲ್ಲ. ಎಂಬತ್ತು ಬಾಗಿಲಿರುವಾಗ ಅವನಿಗೆ ಅದು ಕೊರತೆಯೆಂದೂ ಅನ್ನಿಸಿರಲಿಲ್ಲ. ಎರಡು ವರ್ಷದ ಕೆಳಗೆ ಹೊಸ ಮೀಟರುಗಳು ಬಂದವು. ಅವು ತಮ್ಮ ಲೆಕ್ಕವನ್ನು ತಾವೇ ಆಫೀಸಿಗೆ ಕಳಿಸುತ್ತವೆ. ಆಮೇಲಿಂದ ಮೀಟರಣ್ಣ ದಿನವಿಡೀ ಆಡುವ ಮಾತು "ಒಂದು ಟೀ" ಎಂಬಷ್ಟಕ್ಕೆ ಇಳಿಯಿತು. ಕೆಲವು ದಿನ ಟೀ ಅಂಗಡಿಯವನು ಕೇಳದೆಯೇ ಕೊಟ್ಟುಬಿಡುತ್ತಿದ್ದ. ಅಂದು ಅದೂ ಇಲ್ಲ.

ಆಫೀಸಿನ ಮೇಡಂ ಅವನಿಗೆ ಹೊಸ ಕೆಲಸ ಕೊಟ್ಟರು. ಹವಾಮಾನ ಏಕೆ ಕೆಡುತ್ತಿದೆ, ಬಿಸಿಲು ಗಾಳಿಗಳಿಂದ ಕರೆಂಟು ಮಾಡುವುದು ಹೇಗೆ ಎಂದು ಸಾಮಾನ್ಯ ಜನರಿಗೆ ತಿಳಿಹೇಳುವುದು. ಅವನು ಮೂರು ತಿಂಗಳು ಕೂತು ಓದಿದ, ಎರಡು ನೋಟುಬುಕ್ಕು ತುಂಬಿಸಿದ. ಐದು ಶನಿವಾರ ಮಾತಾಡಿದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನೋಣವೆಂದರೆ ಒಂದು ಕೋಣವೂ ಬಂದಿರಲಿಲ್ಲ. "ಇದೊಂದು ಶನಿವಾರ ನೋಡೋಣ. ಆಗಲೂ ಯಾರೂ ಬರದಿದ್ರೆ ನಿಲ್ಲಿಸಿಬಿಡೋಣ. ನೀವು ಹಳೇ ಕಡತದ ಕೋಣೇಲಿ ಕೂತ್ಕೊಳ್ಳಿ" ಎಂದಿದ್ದರು ಮೇಡಂ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಕಡತದ ಕೋಣೆಗೆ ಒಂದು ಕಿಟಕಿಯೂ ಇರಲಿಲ್ಲ.

ಆದ್ದರಿಂದ ಆ ಇಪ್ಪತ್ಮೂರು ಮುಖಗಳನ್ನು ಕಂಡಾಗ ಅವನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ನೋಟುಬುಕ್ಕು ತೆರೆದ.

ಚೆನ್ನಾಗಿಯೇ ಮಾತಾಡಿದ. ಪುಸ್ತಕದ್ದನ್ನು ಬಿಟ್ಟು ತನ್ನದನ್ನೇ ಹೇಳಿದ. "ನಾನು ಕೆಲಸಕ್ಕೆ ಸೇರಿದಾಗ ಜನ ಫ್ಯಾನ್ ಹಾಕ್ತಿದ್ದಿದ್ದು ಬೇಸಿಗೆ ಅರ್ಧ ಆದ್ಮೇಲೆ. ಮೀಟರ್ ಓಡೋದ್ರಲ್ಲೇ ನಂಗೆ ಗೊತ್ತಾಗ್ತಿತ್ತು. ಈಗ ಚಳಿಗಾಲ ಮುಗಿಯೋದ್ರೊಳಗೇ ಓಡುತ್ತೆ. ಸೆಕೆ ಅಂತ ಫ್ಯಾನ್ ಹಾಕ್ತೀವಿ, ಆ ಫ್ಯಾನಿಗೆ ಎಲ್ಲೋ ಕಲ್ಲಿದ್ದಲು ಸುಡ್ತಾರೆ, ಆ ಹೊಗೆಯಿಂದ ಇನ್ನೂ ಸೆಕೆ. ಉರಿಯೋ ಬೆಂಕೀನ ತುಪ್ಪ ಹಾಕಿ ಆರಿಸೋ ಬುದ್ಧಿ ನಮ್ಮದು." ಜನ ತಲೆದೂಗಿದರು. ಒಬ್ಬರು, "ಬಿಸಿಲಿನ ಕರೆಂಟು ಅಂತೀರಲ್ಲ, ಸೂರ್ಯ ಮುಳುಗಿದ್ಮೇಲೆ?" ಎಂದು ಕೇಳಿದರು. ಹಗಲು ಹೆಚ್ಚಾದದ್ದನ್ನು ಬ್ಯಾಟರಿಯಲ್ಲಿ ಕೂಡಿಡುವುದನ್ನೂ, ಸೂರ್ಯ ಮಲಗಿದರೂ ಗಾಳಿ ಮಲಗದಿರುವುದನ್ನೂ ಅವನು ಕೈಯಾಡಿಸಿ ವಿವರಿಸಿದ. ಹೋಗುವ ಊರಿನ ವಿಚಾರ ಹೇಳುತ್ತಿದ್ದಾನೆಂದು ಪಾಪ ಅವರು ಕೇಳಿಸಿಕೊಳ್ಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ನಲವತ್ತು ನಿಮಿಷ ಅವನು ಸುಖವಾಗಿದ್ದ.

ಕೊಡೆ ಹಿಡಿದಿದ್ದ ಮುದುಕರೊಬ್ಬರು ಎದ್ದು ನಿಂತರು. "ಎಲ್ಲಾ ಸರಿ ಸ್ವಾಮಿ, ಬಸ್ಸು ಎಷ್ಟೊತ್ತಿಗೆ?"

ಮೀಟರಣ್ಣ ನೋಟುಬುಕ್ಕು ಮುಚ್ಚಿದ. "ಬಸ್ಸಿಲ್ಲ. ಬೋರ್ಡಲ್ಲಿ ಎರಡಕ್ಷರ ಬಿಟ್ಟೋಗಿದೆ. ಹವಾಮಾನ ಅಂತಿರಬೇಕಿತ್ತು."

"ಮೊದಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಹಾಗಾದ್ರೆ ಮಾನ ಬಿಟ್ಟೋನು ಬೋರ್ಡ್ ಬರೆದೋನಲ್ಲ, ನೀನು!" ಎಂದರು ಮುದುಕರು. 'ನೀವು' ಹೋಗಿ 'ನೀನು' ಆಗಿತ್ತು. ಆಮೇಲೆ ಒಬ್ಬೊಬ್ಬರೇ ಹಾಜರಿ ಪುಸ್ತಕದ ಬಳಿ ಬಂದು ತಮ್ಮ ಹೆಸರಿನ ಮೇಲೆ ಗೀಟು ಹಾಕಿ ಮೆಟ್ಟಿಲಿಳಿದರು. ಒಬ್ಬಳು ತಾಯಿ ಕೆಮ್ಮುವ ಮಗಳ ಕೈಹಿಡಿದುಕೊಂಡು, ಅವನ ಕಡೆ ಒಮ್ಮೆಯೂ ನೋಡದೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ಉಳಿದಳು. ಸಿದ್ಧ ಉಡುಪಿನ ಕಾರ್ಖಾನೆಗೆ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುವವಳು, ಆದ್ದರಿಂದ ಎಲ್ಲರಿಗೂ ಕಾಜಕ್ಕ. ಐವತ್ತು ದಾಟಿದ ಒಂಟಿ ಹೆಂಗಸು. ಅವಳ ಮನೆಯ ಮೀಟರನ್ನು ಮೀಟರಣ್ಣ ಬಹಳ ವರ್ಷ ಓದಿದ್ದ. ಗಿರಣಿಯ ಹಿಂದಿನ ಸಾಲಿನ ಕೊನೆಯ ಮನೆ, ಮೀಟರು ಓಣಿಯ ಕಡೆ ಕಿಟಕಿಯ ಪಕ್ಕ.

"ನೀವು ಹೋಗಲ್ವಾ ಅಕ್ಕಾ?"

"ಹೇಗೆ ಹೋಗ್ಲಿ? ಬೀದಿಗೆಲ್ಲ ಸಾರಿ ಬಂದಿದೀನಿ, ಹವಾ ಬದಲಾವಣೆಗೆ ಹೋಗ್ತಿದೀನಿ, ಹದಿನೈದು ದಿನ ಬರಲ್ಲ ಅಂತ. ಅವರೆಲ್ಲ ಬಾಗಿಲಿಗೆ ಬಂದು ಕಳಿಸಿಕೊಟ್ರು. ಜೀವಮಾನದಲ್ಲಿ ನನ್ನನ್ನ ಯಾರಾದ್ರೂ ಎಲ್ಲಿಗಾದ್ರೂ ಕಳಿಸಿಕೊಟ್ಟಿದ್ದು ಇದೇ ಮೊದಲು." ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆ ಹೊಗೆ ಅಂದ್ರಲ್ಲ, ಅದು ಮೇಲೆ ಹೋದ್ರೆ ಸೆಕೆ ಯಾಕೆ ಆಗುತ್ತೆ? ಅದು ಅರ್ಥ ಆಗ್ಲಿಲ್ಲ."

ಯಾರಾದರೂ ಅವನನ್ನು ನಿಜವಾಗಿ ಕೇಳಿದ ಮೊದಲ ಪ್ರಶ್ನೆ ಅದು. "ಬಿಸಿಲು ಬಂದು ನೆಲ ಕಾಯುತ್ತೆ. ಆ ಕಾವು ವಾಪಸ್ ಮೇಲೆ ಹೋಗ್ಬೇಕು. ಸುಟ್ಟ ಹೊಗೇಲಿರೋ ಇಂಗಾಲದ ಗಾಳಿ ಅದನ್ನ ಸಲೀಸಾಗಿ ಬಿಡಲ್ಲ, ಹಿಡ್ಕೊಳ್ಳುತ್ತೆ."

"ಅಂದ್ರೆ ಸೆಕೇಲಿ ಅಂಗಿ ಗುಂಡಿ ಕತ್ತಿನವರೆಗೂ ಹಾಕ್ಕೊಂಡು ಕೂತ ಹಾಗೆ."

"ಹಾಗೇ ಅಕ್ಕಾ! ನಾವು ಒಂದೊಂದೇ ಗುಂಡಿ ಹಾಕ್ತಾ ಹೋಗ್ತಿದೀವಿ. ಹಾಕಿದ್ದನ್ನ ಬಿಚ್ಚೋದು ಬಹಳ ಕಷ್ಟ. ಹೊಸದು ಹಾಕೋದನ್ನ ನಿಲ್ಲಿಸಬಹುದು. ಬಿಸಿಲಿನ ಕರೆಂಟು, ಗಾಳಿ ಕರೆಂಟು ಎಲ್ಲ ಅದಕ್ಕೇ."

ಅವಳು ತಲೆಯಾಡಿಸಿದಳು. ಮೂರು ತಿಂಗಳು ಓದಿ ಅವನಿಗೆ ಹೊಳೆಯದ ಮಾತನ್ನು ಮೂರೇ ನಿಮಿಷದಲ್ಲಿ ಹೇಳಿದ್ದಳು. ಕೆಳಗಿನಿಂದ ಗ್ರಂಥಾಲಯದವನು ಬೀಗದ ಕೈ ಅಲ್ಲಾಡಿಸಿದ. ಕಾಜಕ್ಕ ಗಂಟೆತ್ತಿಕೊಂಡು ಎದ್ದಳು.

"ಎಲ್ಲಿಗೆ ಹೋಗ್ತೀರಿ ಈಗ?"

"ಕತ್ತಲಾದ್ಮೇಲೆ ಹಿಂಬಾಗಿಲಿಂದ ಮನೆ ಸೇರ್ಕೋತೀನಿ. ಹದಿನೈದು ದಿನ ದೀಪ ಹಾಕದೆ, ಸದ್ದು ಮಾಡದೆ ಇದ್ಬಿಟ್ರೆ ಆಯ್ತು. ಹೋಗಿ ಬಂದ ಹಾಗೇ ಲೆಕ್ಕ" ಎಂದು ನಕ್ಕಳು. ತಮಾಷೆಯೆಂದುಕೊಂಡು ಅವನೂ ನಕ್ಕ.

ಸೋಮವಾರ ಮೇಡಂ ಹಾಜರಿ ಪುಸ್ತಕ ತೆರೆದರು. ಗೀಟು ಹಾಕದ ಹೆಸರು ಒಂದೇ ಒಂದಿತ್ತು. ಅವರು ಪುಸ್ತಕ ಮುಚ್ಚಿದರು, ಮೀಟರಣ್ಣ ಕಡತದ ಕೋಣೆಗೆ ಹೋದ. ಅಲ್ಲಿ ಅವನಿಗೊಂದು ಕಂಪ್ಯೂಟರು. ಊರಿನ ಮೀಟರುಗಳೆಲ್ಲ ಅದಕ್ಕೆ ಮಾತಾಡುತ್ತಿದ್ದವು, ಅವನಿಗಲ್ಲ. ಅಂದಿನಿಂದ ನಾಲ್ಕು ದಿನ ಅವನು ಯಾರೊಂದಿಗೂ ತುಟಿ ಬಿಚ್ಚಲಿಲ್ಲ.

ಶುಕ್ರವಾರ ಪರದೆಯ ಮೇಲೆ ಒಂದು ಪಟ್ಟಿ ಬಂತು: 'ಬಳಕೆ ಇಲ್ಲ ಅಥವಾ ತೀರಾ ಕಡಿಮೆ. ಖಾಲಿ ಮನೆ ಇರಬಹುದು.' ಅದರಲ್ಲಿ ಅವನದೇ ಮನೆಯಿತ್ತು. ತಿಂಗಳಿಗೆ ಹದಿನಾಲ್ಕು ಯೂನಿಟ್ಟು ನೋಡಿ ಅಲ್ಲಿ ಮನುಷ್ಯರಿದ್ದಾರೆಂದು ಯಂತ್ರಕ್ಕೆ ನಂಬಿಕೆ ಬಂದಿರಲಿಲ್ಲ. ಅವನಿಗೆ ನಗು ಬಂತು. ಅದರ ಕೆಳಗಿನ ಸಾಲು ಓದಿ ನಗು ಹಾರಿಹೋಯಿತು. ಗಿರಣಿ ಹಿಂದಿನ ಸಾಲು, ಕೊನೆಯ ಮನೆ. ಶನಿವಾರದಿಂದ ಸೊನ್ನೆ.

ದೀಪವಿಲ್ಲ. ಫ್ಯಾನಿಲ್ಲ. ಆ ವಾರ ಮಧ್ಯಾಹ್ನದ ಬಿಸಿಲಿಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಸಂಜೆಯಾದರೂ ಗೋಡೆಗಳು ಆರುತ್ತಿರಲಿಲ್ಲ. ಮುಚ್ಚಿದ ಮನೆಯಲ್ಲಿ ಇಂಥ ಸೆಕೆ ಕಾಯಿಲೆಯವರನ್ನು ಏನು ಮಾಡುತ್ತದೆಂದು ಎರಡನೆಯ ನೋಟುಬುಕ್ಕಿನಲ್ಲಿ ಅವನೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ. ಇಪ್ಪತ್ಮೂರು ಮುಖಗಳ ಆಸೆಗೆ ಬಿದ್ದು, ಬಾಗಿಲಲ್ಲೇ ಒಂದು ಮಾತು ಹೇಳಿದ್ದರೆ ಮುಗಿಯುವುದನ್ನು ಅವನು ಇಲ್ಲಿಗೆ ತಂದಿದ್ದ. ಹಳೆಯ ಖಾಕಿ ಅಂಗಿ ತೊಟ್ಟು, ಕೈಚೀಲ ಹೆಗಲಿಗೇರಿಸಿ, ರಜೆಯನ್ನೂ ಕೇಳದೆ ಹೊರಟ.

ಓಣಿಯಲ್ಲಿ ಎದುರು ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದಳು. "ಏನಣ್ಣಾ, ಬಹಳ ದಿನ ಆಯ್ತು! ಆ ಮನೇಲಿ ಯಾರೂ ಇಲ್ಲ. ಕಾಜಕ್ಕ ಹವಾ ಬದಲಾವಣೆಗೆ ಹೋಗಿದಾರೆ. ಪುಣ್ಯವಂತರು."

"ಮೀಟರ್ ನೋಡೋಕೆ ಬಂದೆ ಅಷ್ಟೇ" ಎಂದ. ಮೀಟರು ನೋಡುವವರು ಈಗ ಬೇಕಿಲ್ಲವೆಂಬುದು ಆಕೆಗೇನು ಗೊತ್ತು? ಬಕೆಟ್ಟೆತ್ತಿಕೊಂಡು ಒಳಗೆ ಹೋದಳು.

ಅವನು ಮೀಟರಿಗೆ ಮುಖ ಕೊಟ್ಟು ಪಿಸುದನಿಯಲ್ಲಿ ಹೇಳಿದ. "ಅಕ್ಕಾ, ನಾನು. ಫ್ಯಾನ್ ಹಾಕ್ಕೊಳ್ಳಿ."

ಮುಚ್ಚಿದ ಕಿಟಕಿಯಾಚೆ ಸದ್ದಿಲ್ಲ. ಅವನು ಕಿಟಕಿಗೆ ಕಿವಿಯಿಟ್ಟ.

"ಫ್ಯಾನ್ ಹಾಕಿದ್ರೆ ಮೀಟರಿನ ಕೆಂಪು ದೀಪ ಮಿಟುಕುತ್ತೆ, ಎದುರು ಮನೆಯವ್ರು ನೋಡ್ತಾರೆ ಅಂತ ತಾನೇ?"

ಒಳಗೆ ಒಂದು ಕೆಮ್ಮು. ಬಟ್ಟೆಯಲ್ಲಿ ಅದುಮಿದ, ಸಣ್ಣ ಕೆಮ್ಮು. ಅಂಥ ಇಂಪಾದ ಸದ್ದನ್ನು ಅವನು ಆ ವಾರವೆಲ್ಲ ಕೇಳಿರಲಿಲ್ಲ. ಚೀಲದಿಂದ ಆಫೀಸಿನ 'ಪರಿಶೀಲಿಸಲಾಗಿದೆ' ಚೀಟಿ ತೆಗೆದು ಆ ದೀಪದ ಮೇಲೆ ಅಂಟಿಸಿದ. ಇಷ್ಟು ವರ್ಷದ ಕೆಲಸದಲ್ಲಿ ಅವನು ಮೀಟರಿನ ನಿಯಮ ಮುರಿದದ್ದು ಅದೊಂದೇ ಸಲ. "ಮುಚ್ಚಿದೀನಿ ಅಕ್ಕಾ. ಇನ್ನು ಕಾಣಲ್ಲ."

ಸ್ವಿಚ್ಚಿನ ಸದ್ದಾಯಿತು. ಫ್ಯಾನು ನರಳುತ್ತಾ ತಿರುಗಿತು.

"ನನ್ನದೇ ತಪ್ಪು. ಬಾಗಿಲು ತೆಗೀರಿ. ಬೀದಿಯವ್ರಿಗೆ ನಾನೇ ಹೇಳ್ತೀನಿ."

"ಬೇಡ ಅಣ್ಣಾ." ದನಿ ಕಿಟಕಿಗೆ ತೀರಾ ಹತ್ತಿರದಲ್ಲಿತ್ತು. ನೆಲದ ಮೇಲೆ ಗೋಡೆಗೊರಗಿ ಕೂತಿರಬೇಕು. "ಇನ್ನು ಒಂಬತ್ತೇ ದಿನ. ಒಂಟಿಯಾಗಿ ಇರೋದು ಹೊಸದಲ್ಲ ನಂಗೆ. ಈ ಸಲ ಹೊರಗಿನವ್ರು ನಾನು ಎಲ್ಲೋ ಸುಖವಾಗಿದೀನಿ ಅಂದ್ಕೊಂಡಿದಾರೆ, ಅದೇ ಹೊಸದು. ಅವತ್ತು ಅರ್ಧಕ್ಕೇ ನಿಂತೋಯ್ತಲ್ಲ, ಮುಂದಿಂದು ಹೇಳಿ."

ಮೀಟರಣ್ಣ ಪುಸ್ತಕ ತೆಗೆದು ಅಂಕಿ ಬರೆಯುವವನಂತೆ ನಿಂತ. "ಎರಡು ಮಾತಿದೆ ಅಕ್ಕಾ. ಹವಾಮಾನ ಅಂದ್ರೆ ಇವತ್ತಿನ ಮುನಿಸು, ನಾಳೆ ಸರಿಹೋಗುತ್ತೆ. ವಾಯುಗುಣ ಅಂದ್ರೆ ಹುಟ್ಟುಗುಣ, ಬಹಳ ವರ್ಷದ ಸ್ವಭಾವ. ಈಗ ಕೆಡ್ತಿರೋದು ಅದು. ಎಲ್ಲಾ ಊರಿಂದೂ ಕೆಡ್ತಿದೆ."

"ಹಾಗಿದ್ರೆ ಬಸ್ಸು ಇದ್ದಿದ್ರೂ ಎಲ್ಲಿಗೆ ಹೋಗ್ತಿದ್ವಿ?" ಎಂದಳು. ಮತ್ತೆ, "ಆ ವಾಯುಗುಣ... ಅದಕ್ಕೆ ಗುಣ ಆಗುತ್ತಾ?"

ಸುಳ್ಳು ಹೇಳಬಹುದಿತ್ತು. ಒಮ್ಮೆ ಹೇಳದೆ ಉಳಿಸಿದ ಮಾತಿನ ಫಲ ಎದುರಿಗೇ ಇತ್ತು.

"ಮೊದಲಿನ ಹಾಗೆ ಪೂರ್ತಿ ಆಗಲ್ಲ ಅಕ್ಕಾ, ನಮ್ಮ ಕಾಲಕ್ಕಂತೂ ಇಲ್ಲ. ಇನ್ನೂ ಕೆಡದ ಹಾಗೆ ನೋಡ್ಕೋಬಹುದು. ನೋಡ್ಕೊಂಡ್ರೆ ಬಹಳ ವ್ಯತ್ಯಾಸ ಆಗುತ್ತೆ."

ಒಳಗೆ ಒಂದು ಕೆಮ್ಮು ಬಂದು ಹೋಯಿತು.

"ನಮ್ಮ ಡಾಕ್ಟ್ರೂ ನಂಗೆ ಇದೇ ಮಾತು ಹೇಳಿದ್ರು" ಎಂದಳು ಕಾಜಕ್ಕ. "ಇಲ್ಲೀತನಕ ಯಾರಿಗೂ ಹೇಳಿರ್ಲಿಲ್ಲ."

ಮೀಟರಣ್ಣ ಪುಸ್ತಕ ಮುಚ್ಚಿ ಅಂಗೈಯನ್ನು ಗೋಡೆಗೊತ್ತಿದ. ಗೋಡೆ ಕಾದಿತ್ತು. "ನಾಳೆ ಇದೇ ಹೊತ್ತಿಗೆ ಬರ್ತೀನಿ" ಎಂದ. "ಬೀದಿಯವ್ರು ಕೇಳಿದ್ರೆ ಮೀಟರ್ ಸರಿಯಿಲ್ಲ, ದಿನಾ ಬಂದು ನೋಡ್ಬೇಕು ಅಂತೀನಿ."