ಏರಬಾರದ ಗೆರೆ

ತಾಮ್ರ ಮತ್ತು ನಿಕಲ್ ಪುಡಿಯನ್ನು ಉಕ್ಕಿನ ಗುಂಡುಗಳ ಜೊತೆ ಡಬ್ಬಿಗೆ ಹಾಕಿ ಗಂಟೆಗಟ್ಟಲೆ ಗಿರಗಿರ ತಿರುಗಿಸಿದರೆ, ಕಣಗಳು ಜಜ್ಜಿ ಬೆಸೆದು ನ್ಯಾನೊ ಹರಳುಗಳ ಮಿಶ್ರಲೋಹವಾಗುತ್ತವೆ. ತಾಮ್ರವೇ ಹೆಚ್ಚಿರುವ ಈ ಪುಡಿ ಬೆರೆತಷ್ಟೂ ಅದರ ಕಾಂತಗುಣ ಇಳಿಯಬೇಕು. ಮೂವತ್ತು ಗಂಟೆಯವರೆಗೆ ಇಳಿದೂ ಇತ್ತು. ಆಮೇಲೆ ನಕ್ಷೆಯ ಗೆರೆ ಮೇಲಕ್ಕೆ ಹತ್ತತೊಡಗಿದ್ದನ್ನು ಕಂಡು ಸಂಶೋಧಕಿ ಮತ್ತೊಮ್ಮೆ ಅಳೆಸಿ ನೋಡಿದಳು; ಗೆರೆ ಬದಲಾಗಲಿಲ್ಲ.

ಯಾರೋ ಕಬ್ಬಿಣ ಬೆರೆಸಿದ್ದಾರೆ! ಅವಳ ಕಣ್ಣು ನೇರವಾಗಿ ಹೋದದ್ದು ಗಿರಣಿಯಣ್ಣನ ಮೇಲೆ. ಅರೆಯುವ ಯಂತ್ರ ನಡೆಸುವವನಿಗೆ ಎಲ್ಲರೂ ಇಟ್ಟ ಹೆಸರದು. ಕೋಣೆಯ ಬೀಗದಕೈ ಅವನ ಬಳಿಯೇ ಇರುತ್ತಿತ್ತು. ಪಕ್ಕದ ಗುಂಪಿನವರ ಕಬ್ಬಿಣದ ಪುಡಿ ಅರೆಯುವವನೂ ಅವನೇ. ಆ ಗುಂಪಿಗೂ ಇವಳಿಗೂ ಎಣ್ಣೆ ಸೀಗೇಕಾಯಿ. ಅವರ ಜೊತೆ ಅವನು ನಗುತ್ತ ನಿಂತದ್ದನ್ನು ಕಂಡರೆ ಸಾಕು, ಇವಳಿಗೆ ಮೈಯೆಲ್ಲ ಉರಿ.

ಹೊಸ ಪುಡಿ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಅದರ ಮೇಲೆ ಸಹಿ ಮಾಡಿದಳು.

“ಇದೇನ್ ಮೇಡಂ, ಹೊಸದಾಗಿ?” ಎಂದ ಗಿರಣಿಯಣ್ಣ.

“ಗಾಳಿ ಹೋಗ್ಬಾರ್ದು ಅಂತ ಅಣ್ಣ,” ಎಂದಳು, ಅವನ ಮುಖ ನೋಡದೆ.

ಐವತ್ತು ಗಂಟೆ ಕಳೆದ ಮೇಲೆ ನೋಡಿದರೆ ಟೇಪು ಅಂಟಿಸಿದಂತೆಯೇ ಇತ್ತು. ಅಳತೆ ಮಾತ್ರ ಮತ್ತೆ ಏರಿತ್ತು. ಇನ್ನು ಯಾರ ಮೇಲೆ ಸಂಶಯಪಡುವುದು? ಅಳೆಯುವ ಕೋಣೆಯವರ ಮೇಲೋ, ತನ್ನ ಪ್ರೊಫೆಸರರ ಮೇಲೋ? ಅವಳು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಗಿರಣಿಯಣ್ಣ ಒಂದು ಹಳೆಯ ನೋಟ್‌ಬುಕ್ ಹಿಡಿದು ಬಂದ.

“ಗುಂಡು ತೂಗಿದ್ರಾ ಮೇಡಂ? ಹೊಸದಾಗಿದ್ದಾಗಿನ ತೂಕ ಇದ್ರಲ್ಲಿ ಬರ್ದಿಟ್ಟಿದೀನಿ.”

ಇಬ್ಬರೂ ಸೇರಿ ತೂಗಿದರು. ಗುಂಡುಗಳ ತೂಕ ಅರ್ಧ ಗ್ರಾಂಗೂ ಮೀರಿ ಇಳಿದಿತ್ತು. ಅವು ಒಂದಕ್ಕೊಂದು ಬಡಿದು ಸವೆದು, ಆ ಉಕ್ಕಿನ ಕಬ್ಬಿಣವೆಲ್ಲ ಪುಡಿಯ ಪಾಲಾಗಿತ್ತು. ಬೆರೆಸಿದ ಕೈ ಯಾವುದೂ ಇರಲಿಲ್ಲ.

ಅವಳು ನೋಟ್‌ಬುಕ್ ಮುಚ್ಚಿ ಅವನತ್ತ ತಿರುಗಿದಳು. “ಅಣ್ಣಾ, ನಾನು ನಿಮ್ಮನ್ನೇ…”

“ಗೊತ್ತು ಬಿಡಿ. ಗಾಳಿ ತಡೆಯೋಕೆ ಸಹಿ ಯಾಕ್ ಬೇಕು?”

ವಾರದ ಸಭೆಯಲ್ಲಿ ಎಲ್ಲರೆದುರು ಅವಳು ತಪ್ಪೊಪ್ಪಿಕೊಂಡಳು, ಇದೇ ಗುಂಡುಗಳಿಂದ ಅರೆದ ಪುಡಿಯ ಬಗ್ಗೆ ಮೊದಲೇ ಪತ್ರಿಕೆಗೆ ಕಳಿಸಿದ್ದ ಪ್ರಬಂಧವನ್ನೂ ಹಿಂದಕ್ಕೆ ಪಡೆದಳು. ಗಿರಣಿಯಣ್ಣ ತಲೆಯಾಡಿಸಿ, ಆಯ್ತು ಎಂದ. ಆದರೆ ಅಂದಿನಿಂದ ಅವಳ ಡಬ್ಬಿಯನ್ನು ಅವನು ಒಬ್ಬನೇ ಮುಟ್ಟಲಿಲ್ಲ. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ: “ಬನ್ನಿ ಮೇಡಂ, ನಿಮ್ಮೆದುರಿಗೇ ತೆಗೀತೀನಿ.”

ಅವಳು ಬೇಡವೆಂದರೂ ಅವನು ಕೇಳುತ್ತಿರಲಿಲ್ಲ.