ಏಳು ಮರಿಗಳ ಕೆಳಗೆ

ಶುಕ್ರವಾರ ಬೆಳಿಗ್ಗೆ ಆರಕ್ಕೆ ನಳದಲ್ಲಿ ನೀರು ಬಂತು. ಹಿಂದಿನ ದಿನ, ಮಣ್ಣು ಮಾಡಿದ ಮೂರನೆಯ ದಿನದ ಜಿಯಾರತ್ ಮುಗಿದು, ವಿಜಯಪುರದಿಂದ ಬಂದಿದ್ದ ನೆಂಟರೆಲ್ಲ ಸಂಜೆಯ ಬಸ್ಸಿಗೆ ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ ಅಖ್ತರಬಾನು. ನಾನು ಎದ್ದು ನೀರು ಹಿಡಿದೆ. ನಮ್ಮಲ್ಲಿ ಬಕೀಟುಗಳಿಲ್ಲ; ಅಫ್ರೋಜ ಕೆಲಸದಿಂದ ತಂದ ಪೇಂಟಿನ ಖಾಲಿ ಡಬ್ಬಗಳಿವೆ. ಎಲ್ಲವನ್ನೂ ತುಂಬಿದೆ. ಕೊನೆಯ ಎರಡು ಅವನ ಸ್ನಾನದವು ಎಂದು ಆಮೇಲೆ ನೆನಪಾಯಿತು. ಹಾಗೇ ಮುಚ್ಚಿಟ್ಟೆ.

ಅಫ್ರೋಜ ನನ್ನ ಗಂಡ. ನಾವು ಊರು ಬಿಟ್ಟು ದುಡಿಯಲು ಬಂದ ಪರ್ವರಿಯ ಹೊಸ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಸೋಮವಾರ ಐದನೆಯ ಮಹಡಿಯ ಎತ್ತರದಿಂದ ಬಿದ್ದ. ಸೊಂಟಕ್ಕೆ ಸುರಕ್ಷತೆಯ ಬೆಲ್ಟ್ ಇರಲಿಲ್ಲ ಎಂದು ಪೊಲೀಸರು ಬರೆದುಕೊಂಡರು.

ಡಬ್ಬಗಳನ್ನು ಹಿಂದಿನ ತಗಡಿನ ಪತ್ರಾಸಿನ ಮರೆಗೆ ಒಯ್ಯುವಾಗ ಸಣ್ಣ ದನಿ ಕೇಳಿಸಿತು. ನೀರಿನ ಪೀಪಾಯಿಯ ಹಿಂದೆ ಅವನ ಕೆಲಸದ ಚೀಲ ಬಾಯಿ ತೆರೆದು ಬಿದ್ದಿತ್ತು. ಅದರೊಳಗೆ ಬೂದು ಪಟ್ಟೆಯ ಬೀದಿ ಬೆಕ್ಕು. ಅವನು ಅದನ್ನು ಇಲ್ಲಿಯವರು ಹುಡುಗಿಯರನ್ನು ಕರೆಯುವ ಹಾಗೆ 'ಬಾಯ್' ಎಂದು ಕರೆದು, ತನ್ನ ತಟ್ಟೆಯ ಮೀನಿನ ತಲೆ ಹಾಕುತ್ತಿದ್ದ. ನಾಲ್ಕು ದಿನ ಮನೆ ತುಂಬ ಜನ, ಅಳು, ಕುರಾನಿನ ಓದು. ಯಾರೂ ಅದಕ್ಕೆ ಏನೂ ಹಾಕಿರಲಿಲ್ಲ. ಅದರ ಬೆನ್ನಿನ ಎಲುಬು ಎದ್ದು ಕಾಣುತ್ತಿತ್ತು. ಹೊಟ್ಟೆಗೆ ಐದು ಮರಿಗಳು ಅಂಟಿಕೊಂಡಿದ್ದವು. ಎರಡು ಪಕ್ಕದಲ್ಲಿ ಸತ್ತಿದ್ದವು.

ಅವುಗಳ ಕೆಳಗೆ ಕೇಸರಿ ಪಟ್ಟಿ ಕಂಡಿತು. ಕಬ್ಬಿಣದ ಕೊಂಡಿ ಚೀಲದಿಂದ ಹೊರಗೆ ಇಣುಕಿತ್ತು.

ನಾನು ಅಲ್ಲೇ ಕುಳಿತೆ.

ಸೋಮವಾರ ಬೆಳಿಗ್ಗೆ ಅವನು ಇಲ್ಲಿಂದಲೇ ಕೂಗಿದ್ದ. "ನಿಖತ, ಬಾಯ್ ಮರಿ ಹಾಕ್ಯಾಳ. ಒಂದಲ್ಲ ಎರಡಲ್ಲ, ಏಳು! ಮುಟ್ಟಬ್ಯಾಡ ನೋಡು. ಮುಟ್ಟಿದ್ರ ಒಯ್ದುಬಿಡ್ತಾಳ." ನಾನು ರೊಟ್ಟಿ ಬೇಯಿಸುತ್ತಿದ್ದೆ. ಹೂಂ ಎಂದೆ. ಅವನು ಊಟದ ಡಬ್ಬಿಯೊಂದನ್ನೇ ಹಿಡಿದು ಹೋದ. ಚೀಲ ಎಲ್ಲಿ ಎಂದು ನಾನು ಕೇಳಲಿಲ್ಲ.

ಬೆಲ್ಟ್ ಅವನದಲ್ಲ. ಅವನದರ ಕೊಂಡಿ ಮುರಿದು ತಿಂಗಳಾಗಿತ್ತು. ಕಂತ್ರಾಟುದಾರ ಇವತ್ತು ತರುತ್ತೇನೆ, ನಾಳೆ ತರುತ್ತೇನೆ ಎನ್ನುತ್ತಿದ್ದ. ಜೊತೆಗಾರ ಹೇಮಲಪ್ಪ ಆ ವಾರ ಒಳಗೋಡೆಗೆ ಪುಟ್ಟಿ ಹಚ್ಚುತ್ತಿದ್ದುದರಿಂದ ತನ್ನದನ್ನು ಕೊಟ್ಟಿದ್ದ.

ಸತ್ತ ಎರಡನ್ನು ಕಾಗದದಲ್ಲಿ ಎತ್ತಿ ಗೋಡೆಯ ಬುಡದಲ್ಲಿ ಹೂತೆ. ಉಳಿದವನ್ನು ಮುಟ್ಟಲಿಲ್ಲ. ತಟ್ಟೆಯಲ್ಲಿ ಹಾಲು ಅನ್ನ ಕಲಸಿ ಇಟ್ಟೆ. ಅತ್ತೆ ಬಂದು ಹಿಂದೆ ನಿಂತರು. ಅವರಿಗೆ ಬೆಕ್ಕು ಮಾತ್ರ ಕಂಡಿತು.

"ಎಷ್ಟು ಹಡದಾಳ?"

"ಏಳ್ರಿ."

"ಏಳು." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನನಗ ಅಲ್ಲಾ ಕೊಟ್ಟಿದ್ದು ಒಂದ."

ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನೆರೆಮನೆಯಿಂದ ಬಾಂಗಡೆ ಮೀನಿನ ತಲೆಗಳನ್ನು ಇಸಿದುಕೊಂಡು ಬಂದು ನನ್ನ ಮುಂದೆ ಕುಕ್ಕಿದರು. "ಬಾಣಂತಿ ಐತಿ ಅದು. ಅನ್ನ ತಿಂದ್ರ ಹಾಲು ಎಲ್ಲಿಂದ ಬರ್ತಾವ? ಎಂ.ಎ. ಮಾಡಿ ಇಷ್ಟೂ ತಿಳಿಯಂಗಿಲ್ಲೇನು?"

ಮಧ್ಯಾಹ್ನ ಹೇಮಲಪ್ಪನ ಹೆಂಡತಿ ಹುಲಿಗೆಮ್ಮ ಬಂದಳು. ಅವಳು ಎರಡು ಮನೆಗಳಲ್ಲಿ ಪಾತ್ರೆ ತಿಕ್ಕಿ, ಮನೆಗೆ ಮರಳುವ ದಾರಿಯಲ್ಲಿ ಬಂದಿದ್ದಳು.

"ಅಕ್ಕಾರ, ಕೇಳಬಾರದು, ಆದ್ರೂ ಕೇಳಾಕತ್ತೇನ್ರಿ. ನಾಳಿಂದ ಕೆಲಸ ಚಾಲೂ ಆಗ್ತೈತಂತ. ನಮ್ಮವ್ರನ್ನ ಹೊರಗೋಡಿಗೆ ಹಾಕ್ಯಾರ. ಅವರದೊಂದು ಬೆಲ್ಟು ನಿಮ್ಮವ್ರ ಕಡೆ ಇತ್ತಂತ."

"ನೋಡ್ತೇನ್ರಿ. ಇನ್ನೂ ಕಣ್ಣಿಗೆ ಬಿದ್ದಿಲ್ಲ," ಎಂದೆ.

ಸುಳ್ಳು ಸಲೀಸಾಗಿ ಬಂತು. ಹಿಂದಿನಿಂದ ಮರಿಗಳ ದನಿ ಕೇಳುತ್ತಿತ್ತು. ಮುಟ್ಟಬೇಡ ಎಂಬುದು ಅವನು ನನಗೆ ಹೇಳಿದ ಕೊನೆಯ ಮಾತು. ಚೀಲದಿಂದ ತೆಗೆದರೆ ಬೆಕ್ಕು ಮರಿಗಳನ್ನು ಬಿಟ್ಟುಹೋಗಬಹುದು, ಬಿಟ್ಟರೆ ಅವು ಸಾಯುತ್ತವೆ. ಅವು ಬದುಕಬೇಕಿತ್ತು. ಇಲ್ಲದಿದ್ದರೆ ಅವನು ಬೆಲ್ಟ್ ಬಿಟ್ಟುಹೋದದ್ದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅದರಿಂದಾಚೆ ನಾನು ಯೋಚಿಸಲಿಲ್ಲ. ಒಂದೆರಡು ವಾರ, ಮರಿಗಳು ಕಣ್ಣು ಬಿಡುವವರೆಗೆ, ಹೇಮಲಪ್ಪನಿಗೆ ಬೇರೆ ಯಾರಾದರೂ ಕೊಟ್ಟಾರು ಎಂದುಕೊಂಡೆ.

ಶನಿವಾರ ಬೆಕ್ಕು ಚೆನ್ನಾಗಿ ತಿಂದಿತು. ಆದರೂ ಐದಕ್ಕೂ ಹಾಲು ಸಾಲುತ್ತಿರಲಿಲ್ಲ. ಎಲ್ಲಕ್ಕಿಂತ ಸಣ್ಣದನ್ನು ಉಳಿದವು ತಳ್ಳುತ್ತಿದ್ದವು. ಔಷಧಿಯ ಡ್ರಾಪರಿನಲ್ಲಿ ನೀರು ಬೆರೆಸಿದ ಹಾಲು ತುಂಬಿ, ಚೀಲದ ಬಾಯಿಂದಲೇ ಅದರ ತುಟಿಗೆ ಹನಿಸಿದೆ. ಹೆಚ್ಚಿನದು ಗದ್ದದ ಮೇಲೆ ಹರಿಯಿತು. ಅತ್ತೆ ತಸಬಿಯ ಮಣಿ ಎಣಿಸುತ್ತ ನೋಡಿದರು.

"ಹಂಗ ಹಿಡಿದ್ರ ಮೂಗಿಗೆ ಹೋಗ್ತೈತಿ. ನಿನಗ ಕೂಸು ಹಿಡಿಯೂದು ಗೊತ್ತಿಲ್ಲ."

ನಮಗೆ ಮಕ್ಕಳಿರಲಿಲ್ಲ. ಅವರು ಹೇಳಿದ್ದು ನಿಜ.

ಭಾನುವಾರ ಅದು ಸತ್ತಿತು. ನಾಲ್ಕು ಉಳಿದವು.

ಸೋಮವಾರ ಬೆಳಿಗ್ಗೆ ಹುಲಿಗೆಮ್ಮ ಮತ್ತೆ ಬಂದಳು. ಬೆಲ್ಟಿನ ಮಾತೆತ್ತಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ಊರಲ್ಲಿದ್ದರೆ ಎಲ್ಲರೂ ತಂದು ಕೊಡುತ್ತಿದ್ದರು, ಇಲ್ಲಿ ಯಾರಿದ್ದಾರೆ ಎಂದಳು. ನಾನು ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ, "ಕೆಲಸ ಚಾಲೂ ಆತೇನ್ರಿ?"

"ಆತ್ರಿ. ಹಗ್ಗ ಕಟಗೊಂಡ ಏರಾಕತ್ತಾರ. ಹಗ್ಗ ಸೊಂಟಕ್ಕ ಕೊರೀತೈತಿ ಅಂತ ನನ್ನ ಹಳೇ ಸೀರಿ ಹರದು ಸುತಗೊಂಡಾರ. ನೋಡೋ, ಹೇಮಲಪ್ಪ ಸೀರಿ ಉಟಗೊಂಡ ಬಂದಾನ ಅಂತ ಎಲ್ಲಾರೂ ನಗಾಕತ್ತಾರಂತ." ಅವಳೂ ನಕ್ಕಳು. ಸೆರಗಿನಿಂದ ಬಾಯಿ ಒತ್ತಿಕೊಂಡಳು. ನಗು ನಿಂತ ಮೇಲೂ ಸೆರಗು ತೆಗೆಯಲಿಲ್ಲ. "ರಾತ್ರಿ ಬಂದು ಅಂಗಿ ತೆಗದ್ರ ಸೊಂಟದ ಸುತ್ತ ಕೆಂಪಗ ಬಾಸುಂಡಿ. ಏರಬ್ಯಾಡ್ರಿ ಅಂದ್ರ, ಅಫ್ರೋಜನ ಕಾಲ ಜಾರಿತು, ನನ್ನದು ಜಾರಂಗಿಲ್ಲ ಅಂತಾರ."

ಅವಳು ಹೋದ ಮೇಲೆ ರೊಟ್ಟಿಯ ಗಂಟನ್ನು ನಾನು ಬಿಚ್ಚಲಿಲ್ಲ. ಹಿಂದೆ ಹೋದೆ.

ಬೆಕ್ಕು ಹೊರಗೆ ಹೋಗಿತ್ತು. ಜಿಯಾರತ್ತಿಗೆ ತಂದಿದ್ದ ಖರ್ಜೂರದ ರಟ್ಟಿನ ಪೆಟ್ಟಿಗೆಯಲ್ಲಿ ಅವನ ಲುಂಗಿ ಹಾಸಿದೆ. ನಾಲ್ಕು ಮರಿಗಳನ್ನು ಒಂದೊಂದಾಗಿ ಎತ್ತಿ ಇಟ್ಟೆ. ಬಿಸಿಯಾಗಿದ್ದವು. ಕಣ್ಣು ಇನ್ನೂ ಮುಚ್ಚಿತ್ತು. ಚೀಲದಿಂದ ಬೆಲ್ಟ್ ಎಳೆದೆ. ಹೆರಿಗೆಯ ರಕ್ತ ಒಣಗಿ ಪಟ್ಟಿ ಗಟ್ಟಿಯಾಗಿತ್ತು, ವಾಸನೆ ಬರುತ್ತಿತ್ತು. ಅವನ ಸ್ನಾನದ ನೀರಿನಲ್ಲಿ ಅದನ್ನು ತಿಕ್ಕಿ ತೊಳೆದೆ. ಎರಡೂ ಡಬ್ಬ ಖಾಲಿಯಾದವು.

ಬೆಕ್ಕು ಗೋಡೆಯಿಂದ ಇಳಿದು ಬಂತು. ಖಾಲಿ ಚೀಲ ಮೂಸಿತು, ಪೆಟ್ಟಿಗೆ ಮೂಸಿತು, ನನ್ನನ್ನು ನೋಡಿತು. ಒಂದು ಮರಿಯ ಕುತ್ತಿಗೆ ಕಚ್ಚಿ ಹಿಡಿದು ಗೋಡೆ ಹತ್ತಿ, ಪಕ್ಕದ ಮನೆಯ ಪತ್ರಾಸಿನಾಚೆ ಇಳಿಯಿತು. ಮರಳಿ ಬಂದು ಇನ್ನೊಂದನ್ನು ಒಯ್ದಿತು. ಎರಡೂ ದಪ್ಪ ಮರಿಗಳು. ಆಮೇಲೆ ಬರಲಿಲ್ಲ. ಒಂದು ಗಂಟೆ ಕಾದೆ. ಪೆಟ್ಟಿಗೆಯಲ್ಲಿ ಉಳಿದ ಎರಡು ಒಂದರ ಹೊಟ್ಟೆಯನ್ನು ಇನ್ನೊಂದು ಚೀಪುತ್ತಿದ್ದವು.

ಬುರ್ಖಾ ಹಾಕಿಕೊಂಡು, ಹಸಿ ಬೆಲ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಅತ್ತೆ ಬಾಗಿಲಿಗೆ ಅಡ್ಡ ಬಂದರು.

"ಎಲ್ಲಿಗೆ ಹೊಂಟಿ? ಗಂಡ ಸತ್ತ ಇದ್ದತ್ತಿನಾಗ ಹೊಸ್ತಿಲ ದಾಟ್ತಿ? ನಾಲ್ಕು ತಿಂಗಳು ಹತ್ತು ದಿನ ಐತಿ, ಎಂಟು ದಿನಾನೂ ತಡಿಯಲಿಲ್ಲೇನು? ಮಂದಿ ಏನಂದಾರು?"

ನಾನು ಚೀಲ ತೆರೆದು ತೋರಿಸಿದೆ. ಅವರು ಕೇಸರಿ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದರು. ಏನೆಂದು ತಿಳಿಯಲು ಹೊತ್ತು ಬೇಕಾಯಿತು.

"ಇದು ಆ ದಿನ ಮನ್ಯಾಗ ಇತ್ತಾ?"

"ಬೆಕ್ಕಿನ ಕೆಳಗ ಇತ್ರಿ."

"ಮರತ ಹೋದ್ನಾ, ನೋಡಿ ಬಿಟ್ಟ್ನಾ?"

"ನೋಡಿ ಬಿಟ್ಟ."

ಅವರು ಬಾಗಿಲಿನಿಂದ ಸರಿದರು. ಹಿಂದೆ ಹೋಗಿ ಪೆಟ್ಟಿಗೆಯ ಮುಂದೆ ಕುಳಿತರು. ಅವುಗಳನ್ನು ಏನು ಮಾಡುತ್ತಾರೋ ಎಂದು ನನಗೆ ತಿಳಿಯಲಿಲ್ಲ. ತಿರುಗಿ ನೋಡಿದಾಗ ಒಂದನ್ನು ಮಡಿಲಿಗೆ ತೆಗೆದುಕೊಂಡು, ತಲೆ ತುಸು ಎತ್ತಿ ಹಿಡಿದು, ಡ್ರಾಪರಿಗೆ ಕೈಚಾಚುತ್ತಿದ್ದರು.

ಕಟ್ಟಡ ಹದಿನೈದು ನಿಮಿಷದ ದಾರಿ. ನಾನು ಅದನ್ನು ಮೊದಲು ನೋಡಿರಲಿಲ್ಲ. ಒಂದು ಬದಿಯ ಗೋಡೆ ಪೂರ್ತಿ ಬಿಳಿಯಾಗಿತ್ತು. ಇನ್ನೊಂದು ಬದಿಯಲ್ಲಿ ಐದನೆಯ ಮಹಡಿಯ ನಡುವಿಗೆ ಬಣ್ಣ ನಿಂತಿತ್ತು. ಅದರ ಕೆಳಗೆ ಯಾರೋ ಮರಳು ಸುರಿದಿದ್ದರು. ಊಟದ ಹೊತ್ತು. ಹೇಮಲಪ್ಪ ಸಿಮೆಂಟಿನ ಚೀಲಗಳ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಸೊಂಟಕ್ಕೆ ಹೂವಿನ ಸೀರೆಯ ತುಂಡು ಸುತ್ತಿತ್ತು, ಅದರ ಮೇಲೆ ಹಗ್ಗ.

"ಬಾಬಿ, ನೀವ್ಯಾಕ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ."

ಬೆಲ್ಟ್ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಒದ್ದಿ ಐತಲ್ರಿ."

"ತೊಳದೇನ್ರಿ. ಬೆಕ್ಕು ಇದರ ಮ್ಯಾಲೆ ಮರಿ ಹಾಕಿತ್ತು. ಆ ದಿನ ಅವರು ಅದನ್ನ ಎಬ್ಬಿಸಲಿಲ್ಲ. ಶುಕ್ರವಾರ ನನಗ ಗೊತ್ತಾತು. ನಾನೂ ಎಬ್ಬಿಸಲಿಲ್ಲ. ನಿಮ್ಮನಿಯವ್ರಿಗೆ ಸುಳ್ಳ ಹೇಳಿದೆ."

ಹೇಮಲಪ್ಪ ಮೇಲೆ ನೋಡಿದ, ಬಣ್ಣ ನಿಂತ ಕಡೆಗೆ. ಆಮೇಲೆ ಕೈಯಲ್ಲಿದ್ದ ಪಟ್ಟಿ ನೋಡಿದ.

"ಎಷ್ಟು ಮರೀರಿ?"

"ಏಳು."

"ಉಳದಾವೇನ್ರಿ?"

"ಎರಡನ್ನ ತಾಯಿ ಒಯ್ತು. ಎರಡು ಮನ್ಯಾಗ ಅದಾವ. ಉಳೀತಾವೋ ಇಲ್ಲೋ."

ಅವನು ಬೆಲ್ಟನ್ನು ಮಡಚಿ ಡಬ್ಬಿಯ ಪಕ್ಕ ಇಡಲು ಬಾಗಿದ.

"ಹಾಕ್ಕೋರಿ," ಎಂದೆ.

"ಈಗ ಏರಂಗಿಲ್ರಿ ಬಾಬಿ. ಊಟ ಮಾಡ್ಬೇಕು."

"ಹಾಕ್ಕೋರಿ."

ಉಣ್ಣುತ್ತಿದ್ದ ಉಳಿದವರು ನಮ್ಮ ಕಡೆ ನೋಡಿದರು. ಈ ಸಲ ಯಾರೂ ನಗಲಿಲ್ಲ. ಹೇಮಲಪ್ಪ ಹಗ್ಗ ಬಿಚ್ಚಿದ, ಸೀರೆಯ ತುಂಡು ಬಿಚ್ಚಿದ, ನೆಲದ ಮೇಲೆ ನಿಂತೇ ಹಸಿ ಬೆಲ್ಟನ್ನು ಸೊಂಟಕ್ಕೆ ಸುತ್ತಿ ಬಿಗಿದ. ಕೊಂಡಿ ಕೂತ ಸದ್ದು ಕೇಳಿದ ಮೇಲೆ ನಾನು ಮನೆಯ ಕಡೆ ತಿರುಗಿದೆ.