ಅತ್ತಿಗೆ ಆರಿಸಿಕೊಂಡ ಪೆಟ್ಟಿಗೆ

ನಮ್ಮವರಿಗೆ ಮರಗೆಲಸದ ಹುಚ್ಚು. ಹೊಟ್ಟೆಪಾಡಿಗೆ ನೀರು ಸರಬರಾಜು ಕಚೇರಿಯ ಗುಮಾಸ್ತಿಕೆ, ಉಸಿರಾಡಲಿಕ್ಕೆ ಸ್ಕೂಟರ್ ಶೆಡ್ಡು. ಚಳಿ ಕಳೆದು ಬೀದಿಯ ಮರಗಳು ಚಿಗುರಿದರೆ ಸಾಕು, ಇವರ ಕೈ ತುರಿಸತೊಡಗುತ್ತದೆ. ಒಂದು ವರ್ಷ ಹಕ್ಕಿಗೂಡು ಮಾಡಿದರು, ಹಕ್ಕಿ ಬರಲಿಲ್ಲ. ಇನ್ನೊಂದು ವರ್ಷ ಮಡಚುವ ಮೇಜು. ಅದು ಒಮ್ಮೆ ಮಡಚಿಕೊಂಡಿದ್ದು ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ. ರಜೆಗೆ ಬರುವ ನೆಂಟರ ಮಕ್ಕಳೆಲ್ಲ ಇವರನ್ನು ಕರೆಯುವುದು ‘ಹೊಟ್ಟುಮಾಮ’ ಅಂತ. ತಲೆಗೂದಲಲ್ಲಿ, ಜೇಬಿನಲ್ಲಿ, ಊಟದ ತಟ್ಟೆಯಲ್ಲಿ ಕೂಡ ಮರದ ಹೊಟ್ಟು. ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿದೆ.

ಆ ವಸಂತದಲ್ಲಿ ಮಾತ್ರ ನಾನು ಗೊಣಗಲಿಲ್ಲ. ಅತ್ತಿಗೆಯ ಮಗಳು ಫೋನ್ ಮಾಡಿದ್ದಳು.

“ಮಾವ, ಇನ್ನು ಔಷಧಿ ಬದಲಾಯಿಸಿ ಉಪಯೋಗ ಇಲ್ಲ ಅಂದ್ಬಿಟ್ರು ಡಾಕ್ಟ್ರು. ಅಮ್ಮ ಒಂದ್ಸಲ ನಿಮ್ಮನೇಲಿ ಇದ್ದು ಬರ್ಬೇಕು ಅಂತಿದಾರೆ. ಮಕ್ಕಳಿಗೆ ರಜ ಬಂದ ತಕ್ಷಣ ಬರ್ತೀವಿ.”

ಇವರು ಫೋನ್ ಇಟ್ಟು ಶೆಡ್ಡಿಗೆ ಹೋದರು.

ಅತ್ತಿಗೆ ಎಂದರೆ ಇವರ ಅಕ್ಕ, ಇವರಿಗಿದ್ದ ಒಬ್ಬಳೇ ಒಡಹುಟ್ಟಿದವಳು. ನಮ್ಮತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಹೊಸಿಲು ತುಳಿದಿರಲಿಲ್ಲ. ಕಾರಣ ಒಂದು ಹೊಲಿಗೆ ಪೆಟ್ಟಿಗೆ. ತೇಗದ್ದು, ಮುಚ್ಚಳ ತೆಗೆದರೆ ದಾರದುಂಡೆಗಳಿಗೆ ಗೂಡುಗಳು, ಕೆಳಗೆ ಗುಂಡಿಗಳಿಗೊಂದು ಪುಟ್ಟ ಡ್ರಾಯರು. ನಮ್ಮತ್ತೆಗೆ ಅವರ ತಾಯಿಯಿಂದ ಬಂದದ್ದು. ಅದನ್ನು ಮುಂದಿಟ್ಟುಕೊಂಡೇ ಅತ್ತೆ ಕಂಡವರ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದರು. ಅತ್ತಿಗೆ ಸೂಜಿ ಹಿಡಿಯಲು ಕಲಿತದ್ದೂ ಅದರ ಪಕ್ಕ ಕೂತೇ. “ಅದು ನಂಗೆ ಕೊಡೋ” ಎಂದು ಅವರು ಕೇಳಿದಾಗ ಇವರು “ನೋಡೋಣ ಬಿಡು” ಅಂದರು. ಅಮ್ಮನದು ಅಂತ ಇವರಿಗೂ ಉಳಿದಿದ್ದು ಅದೊಂದೇ. ಆದರೆ ಆ ‘ನೋಡೋಣ’ ವರ್ಷಗಟ್ಟಲೆ ಎಳೆಯಿತು. ಅತ್ತಿಗೆಗೋ ಮೂಗಿನ ತುದಿಯಲ್ಲೇ ಕೋಪ. ಮದುವೆ ಮನೆಗಳಲ್ಲಿ ಎದುರಾದರೆ ನನ್ನ ಹತ್ತಿರ ಮಾತಾಡುತ್ತಿದ್ದರು, ತಮ್ಮನ ಹತ್ತಿರ ಇಲ್ಲ.

“ಅಮ್ಮನ ಪೆಟ್ಟಿಗೆ ಅಕ್ಕನಿಗೆ ಕೊಟ್ಬಿಡ್ತೀನಿ ಕಣೇ,” ಅಂದರು ಇವರು ಆ ರಾತ್ರಿ ಊಟಕ್ಕೆ ಕೂತಾಗ. “ನಂಗೆ ಅದೇ ಥರದ್ದು ಒಂದು ಮಾಡ್ಕೋತೀನಿ. ಕಣ್ಣೆದುರಿಗೆ ಏನಾದ್ರೂ ಇರ್ಬೇಕಲ್ಲ.”

ಎಲ್ಲೋ ಒಡೆದ ಮನೆಯ ಬಾಗಿಲಿನ ತೇಗ ಹೊತ್ತು ತಂದರು. ಕಚೇರಿಯಿಂದ ಬಂದವರು ಚಹಾ ಕುಡಿದು ಶೆಡ್ಡು ಸೇರಿದರೆ ಉಳಿಯ ಟಕಟಕ ಬೀದಿಗೆಲ್ಲ ಕೇಳುತ್ತಿತ್ತು. ಇವರ ಕೈಯಿಂದ ಒಂದು ವಸ್ತು ಅಲುಗಾಡದೆ ನಿಂತದ್ದನ್ನು ನಾನು ಮೊದಲ ಸಲ ಕಂಡೆ. ಹೊಸ ಪೆಟ್ಟಿಗೆ ಅಮ್ಮನದರ ಹಾಗೆಯೇ ಕಾಣಬೇಕೆಂದು ಕಡುಚಹಾ ಬಳಿದರು, ಅಂಚುಗಳನ್ನು ಉಜ್ಜಿ ಸವೆಸಿದರು. ಯಾವತ್ತೋ ಕತ್ತರಿ ಜಾರಿ ಮುಚ್ಚಳದ ಒಳಗೆ ಬಿದ್ದಿದ್ದ ಗೀರನ್ನೂ ಅಳೆದು ಕೊರೆದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಕ್ಕನಿಗೆ ಕೊಡುವುದು ಕೊಳಕಾಗಿರಬಾರದು ಅಂತ ಅಮ್ಮನ ಪೆಟ್ಟಿಗೆಯನ್ನೂ ಬಿಚ್ಚಿ ಕೂತರು. ಉಪ್ಪುಕಾಗದದಿಂದ ಮೇಲೆಲ್ಲ ಉಜ್ಜಿ, ಮುರಿದ ಕೀಲು ತೆಗೆದು ಹೊಳೆಯುವ ಹಿತ್ತಾಳೆಯದು ಹಾಕಿ, ಪಾಲಿಶ್ ಹೊಡೆದರು. ಅದು ಮದುಮಗಳ ಹಾಗೆ ಫಳಫಳ ಅಂತು. “ಹಳೇದು ಹೊಸದಾಯ್ತು, ಹೊಸದು ಹಳೇದಾಯ್ತು, ಭಲೇ ಬಡಗಿ ರೀ ನೀವು” ಎಂದು ನಾನು ನಕ್ಕೆ. ಇವರೂ ನಕ್ಕರು. ನಮ್ಮಿಬ್ಬರ ತಲೆಯಲ್ಲೂ ಇದ್ದದ್ದು ಮಣ್ಣು.

ಅತ್ತಿಗೆ ಬಂದಿಳಿದಾಗ ನನಗೆ ಗುರುತೇ ಹತ್ತಲಿಲ್ಲ. ಆಳು ಅರ್ಧವಾಗಿದ್ದರು, ಗತ್ತು ಮಾತ್ರ ಪೂರ್ತಿ ಇತ್ತು. ಮಕ್ಕಳಿಗಾಗಿ ಇವರು ಮರಗಾಲುಗಳನ್ನು ಮಾಡಿಟ್ಟಿದ್ದರು. ಬಂದ ಗಳಿಗೆಯಿಂದಲೇ ಮೊಮ್ಮಕ್ಕಳು ಅವನ್ನು ಹತ್ತಿ, ಬಿದ್ದು, ಮಂಡಿ ತರಚಿಕೊಂಡು, ಕೊಕ್ಕರೆಗಳ ಹಾಗೆ ಬೀದಿ ತುಂಬ ಓಡಾಡಿದರು. ಪಕ್ಕದ ಮನೆ ಮೇಷ್ಟರೂ ಒಮ್ಮೆ ಹತ್ತಿ ಬೇಲಿಯ ಮೇಲೆ ಬಿದ್ದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇದೇ ಸಮಯ ಅಂತ ಇವರು ಪೆಟ್ಟಿಗೆ ತಂದು ಅವರ ಮಡಿಲಲ್ಲಿಟ್ಟರು. “ಅಕ್ಕಾ, ತಗೋ. ಅಮ್ಮಂದು.”

ಅತ್ತಿಗೆ ಮುಚ್ಚಳ ಸವರಿದರು. ಹಿತ್ತಾಳೆಯ ಕೀಲು ನೋಡಿದರು.

“ಚೆನ್ನಾಗಿದೆ. ಎಷ್ಟು ದಿನ ಹಿಡೀತು ಮಾಡೋಕೆ?”

“ಮಾಡಿದ್ದಲ್ಲ ಅಕ್ಕಾ! ಅಮ್ಮಂದೇ. ಪಾಲಿಶ್ ಹೊಡ್ದಿದೀನಿ ಅಷ್ಟೇ.”

ಅತ್ತಿಗೆ ಅದನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದು ಸೀದಾ ಶೆಡ್ಡಿಗೆ ನಡೆದರು. ಮೂಲೆಯ ಹಲಗೆಯ ಮೇಲೆ, ಬಟ್ಟೆಯ ಕೆಳಗೆ, ಇವರು ತಮಗಾಗಿ ಮಾಡಿಕೊಂಡದ್ದಿತ್ತು. ಬಟ್ಟೆ ಎಳೆದು ಅದನ್ನು ಕೈಗೆತ್ತಿಕೊಂಡರು.

“ಇದೇನಪ್ಪಾ ಹಾಗಾದ್ರೆ?”

“ಅದು ನಾನು ಮಾಡಿದ್ದು.”

“ಚಿಕ್ಕವನಿದ್ದಾಗ ಮಿಠಾಯಿ ಕಾಗದದಲ್ಲಿ ಕಲ್ಲು ಸುತ್ತಿ ಕೊಡ್ತಿದ್ದೆ. ಮಿಠಾಯಿ ನಿನ್ನ ಬಾಯಲ್ಲಿರ್ತಿತ್ತು. ಈಗ್ಲೂ ಅದೇ ಬುದ್ಧಿ!”

ನಾನು ಬಾಯಿ ಹಾಕಿದೆ. “ಅತ್ತಿಗೆ, ನನ್ನ ಕಣ್ಣಾರೆ ನೋಡಿದೀನಿ...”

“ನೀನು ಅವನ ಹೆಂಡ್ತಿ. ಇನ್ನೇನು ಹೇಳ್ತೀಯ?”

ಇವರು ಹಿಂದೆಯೇ ಎತ್ತಿ ತಂದಿದ್ದ ಅಮ್ಮನ ಪೆಟ್ಟಿಗೆಯ ಮುಚ್ಚಳ ತೆರೆದು ಕತ್ತರಿಯ ಗೀರು ತೋರಿಸಿದರು. ಅತ್ತಿಗೆ ತಮ್ಮ ಕೈಯಲ್ಲಿದ್ದುದನ್ನು ತೆರೆದು ಅದರ ಗೀರು ತೋರಿಸಿದರು. ಹುಲಿ ಬಂತು ಹುಲಿ ಅಂತ ಆಟವಾಡಿದವನ ಪಾಡು ಇವರದಾಯಿತು. ಬೆವರುತ್ತಾ, ತೊದಲುತ್ತಾ, ಆಣೆ ಹಾಕಿದಷ್ಟೂ ಅತ್ತಿಗೆಯ ಹಿಡಿತ ಬಿಗಿಯಾಯಿತು. ಕೊನೆಗೆ ಅವರು ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಸವೆದ ಅಂಚಿಗೆ ಕೆನ್ನೆಯಿಟ್ಟು, “ಅಮ್ಮಾ” ಅಂದರು. ಮುದುಕಿಯ ಮುಖ ಏಳು ವರ್ಷದ ಹುಡುಗಿಯ ಮುಖವಾಯಿತು.

ಇವರು ತಮ್ಮ ಕೈಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. “ಆಯ್ತಕ್ಕಾ,” ಅಂದರು. “ಸಿಕ್ಕಿಬಿದ್ದೆ. ತಗೊಂಡು ಹೋಗು.”

“ಹಾಗೆ ಬಾ ದಾರಿಗೆ!” ಎಂದು ಅತ್ತಿಗೆ ತಮ್ಮನ ಕಿವಿ ಹಿಂಡಿದರು. ಅಷ್ಟು ವರ್ಷಗಳ ಮುನಿಸು ಹಾಗೆ ಹಿಂಡಿದ್ದರಲ್ಲೇ ಮುಗಿದುಹೋಯಿತು. ಉಳಿದ ರಜೆಯೆಲ್ಲ ಅವರು ಅಂಗಳದ ಕುರ್ಚಿಯಲ್ಲಿ ಕೂತು, ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು, ಮೊಮ್ಮಕ್ಕಳು ಹರಿದುಕೊಂಡು ಬಂದ ಚಡ್ಡಿಗಳಿಗೆ ತೇಪೆ ಹಾಕಿದರು. ತಮ್ಮನ ಅಂಗಿಗೂ ಗುಂಡಿ ಹೊಲಿದರು. ಅಂಥ ಸಂತೋಷವನ್ನು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಸತ್ಯ ಹೇಳಿದವನೇ ಕಳ್ಳನಾಗಿ ಕೂತಿದ್ದನಲ್ಲ!

ಬೀದಿಯ ಮರಗಳು ಎಲೆ ಉದುರಿಸುವ ಹೊತ್ತಿಗೆ ಅತ್ತಿಗೆ ಹೋಗಿಬಿಟ್ಟರು.

ನಾವು ತಲುಪಿದಾಗ ಮನೆ ತುಂಬ ಜನ. ಅತ್ತಿಗೆಯ ಮಂಚದ ಪಕ್ಕದಲ್ಲಿ ಆ ಪೆಟ್ಟಿಗೆಯಿತ್ತು. ಮಗಳು ಅತ್ತು ಅತ್ತು ಸುಸ್ತಾಗಿ, ಅದನ್ನು ತೊಡೆಯ ಮೇಲಿಟ್ಟುಕೊಂಡಳು.

“ಕೊನೆವರೆಗೂ ಇದರ ಮೇಲೆ ಕೈ ಇಟ್ಕೊಂಡೇ ಮಲಗ್ತಿದ್ರು ಮಾವ. ನೋಡೋಕೆ ಬಂದೋರಿಗೆಲ್ಲ ಒಂದೇ ಕಥೆ. ನಮ್ಮ ತಮ್ಮ ಹೊಸದು ತೋರ್ಸಿ ಅಮ್ಮಂದು ಬಚ್ಚಿಟ್ಟಿದ್ದ, ನಾನು ಬಿಡ್ಲಿಲ್ಲ ಅಂತ.” ಅವಳು ತಲೆಯೆತ್ತಿದಳು. “ನಿಜ ಹೇಳಿ ಮಾವ. ಇದು ಅಜ್ಜೀದೇ ತಾನೇ? ನನ್ನ ಮಗಳಿಗೆ ಕೊಡ್ಬೇಕು ಅಂತಿದೀನಿ.”

ಕೋಣೆಯಲ್ಲಿದ್ದವರೆಲ್ಲ ಇವರ ಕಡೆ ತಿರುಗಿದರು. ಕೆಲವರು ಆಗಲೇ ಮೂಗು ಮುರಿದಿದ್ದರು. ನನ್ನ ಬಾಯಿ ತೆರೆದೇಬಿಟ್ಟಿತ್ತು. ಇವರು ನನ್ನ ಮಣಿಕಟ್ಟು ಹಿಡಿದು ಒತ್ತಿದರು.

“ಅಜ್ಜೀದೇ ಕಣಮ್ಮ,” ಅಂದರು. “ನಾನು ಮೋಸ ಮಾಡೋಕೆ ನೋಡಿದ್ದು ನಿಜ. ನಿಮ್ಮಮ್ಮನ ಹತ್ರ ನಡೀಲಿಲ್ಲ.”

ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ಅತ್ತಿಗೆಗಾಗಿಯೋ ಇವರಿಗಾಗಿಯೋ ನನಗೇ ಗೊತ್ತಾಗಲಿಲ್ಲ. ಇವರ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಇಲ್ಲ.

ಅಮ್ಮನ ಪೆಟ್ಟಿಗೆ ಈಗ ನಮ್ಮ ಹಜಾರದಲ್ಲಿದೆ. ಮನೆಗೆ ಬಂದವರು ಕೈಯಾಡಿಸಿ, ಎಷ್ಟು ಚೆನ್ನಾಗಿದೆ, ಯಾರದು ಎಂದು ಕೇಳುತ್ತಾರೆ.

“ನಾನೇ ಮಾಡಿದ್ದು,” ಅನ್ನುತ್ತಾರೆ ಇವರು.